ಬೇಸ್‌ಬಾಲ್ ಪ್ರಶ್ನೋತ್ತರ: ಐದು ಹೆಸರು, ಸಾವಿರದ ನಾನೂರು ಇನಿಂಗ್ಸ್

ಅಮೆರಿಕದ ಮೇಜರ್ ಲೀಗ್ ತಂಡಗಳ ಪಿಚರ್‌ಗಳೂ (ಚೆಂಡು ಎಸೆಯುವವರು) ಕ್ಯಾಚರ್‌ಗಳೂ (ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವವರು) ಫೆಬ್ರುವರಿ ನಡುವಿನಲ್ಲಿ ಫ್ಲೋರಿಡಾ, ಅರಿಝೋನಾದ ಶಿಬಿರಗಳಿಗೆ ಬಂದು ಸೇರುತ್ತಾರೆ. ಈ ಸಂಚಿಕೆಗೆ ಆರಿಸಿದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಸೀಸನ್ ಶುರುವಾಗುವ ಮೊದಲೇ ಒಂದು ತಂಡದ ಪಿಚಿಂಗ್ ಪಡೆಯನ್ನು ತೂಗುವುದು ಹೇಗೆ?

ಪ್ರಶ್ನೆ: ಪ್ರತಿ ವರ್ಷ ನನ್ನ ತಂಡದ ಐವರು ಸ್ಟಾರ್ಟರ್‌ಗಳ (ಪಂದ್ಯ ಶುರು ಮಾಡುವ ಪಿಚರ್‌ಗಳ) ಹೆಸರು ನೋಡಿ ‘ಈ ಸಲ ಪಿಚಿಂಗ್ ಗಟ್ಟಿ’ ಅಂದುಕೊಳ್ಳುತ್ತೇನೆ. ಜುಲೈ ಬರುವಷ್ಟರಲ್ಲಿ ಹೆಸರೇ ಕೇಳದವರು ಬಂದು ಎಸೆಯುತ್ತಿರುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಹೆಸರು ನೋಡುವುದರಲ್ಲೇ. ಹೆಸರು ಆಮೇಲೆ, ಮೊದಲು ಇನಿಂಗ್ಸ್ ಎಣಿಸಿ. ಎದುರಾಳಿಯ ಮೂವರು ಔಟ್ ಆದರೆ ಪಿಚರ್ ಎಸೆದದ್ದು ಒಂದು ಇನಿಂಗ್ಸ್. ಸೀಸನ್‌ಗೆ 162 ಪಂದ್ಯ, ಪಂದ್ಯಕ್ಕೆ 9 ಇನಿಂಗ್ಸ್ ಅಂದರೆ 1,458. ಎದುರಾಳಿಯ ಮೈದಾನದಲ್ಲಿ ಸೋತ ದಿನ ನಿಮ್ಮವರು ಎಸೆಯುವುದು ಸಾಮಾನ್ಯವಾಗಿ 8 ಇನಿಂಗ್ಸ್ ಮಾತ್ರ. ಇನ್ನು ಕೆಲವು ಪಂದ್ಯ ಹತ್ತು ಹನ್ನೊಂದಕ್ಕೆ ಎಳೆಯುತ್ತವೆ. ಕೂಡಿ ಕಳೆದರೆ ಸುಮಾರು 1,440 ನಿಲ್ಲುತ್ತದೆ. ಈಗಿನ ಕಾಲದ ಸ್ಟಾರ್ಟರ್ ಸರಾಸರಿ ಐದು ಇನಿಂಗ್ಸ್ ದಾಟಿ ಸ್ವಲ್ಪದರಲ್ಲೇ ಇಳಿಯುತ್ತಾನೆ. ಹಾಗಾಗಿ ಸ್ಟಾರ್ಟರ್‌ಗಳ ಪಾಲು ಸುಮಾರು 840, ಉಳಿದ 600 ಬುಲ್‌ಪೆನ್ನಿನದು, ಅಂದರೆ ಸ್ಟಾರ್ಟರ್ ಇಳಿದ ಮೇಲೆ ಬರುವ ರಿಲೀವರ್‌ಗಳದು.

ಈಗ ಒಂದು ಹಾಳೆ ತೆಗೆದುಕೊಂಡು ಐವರ ಮುಂದೆ ಅವರವರ ಹಿಂದಿನ ಮೂರು ವರ್ಷಗಳ ಇನಿಂಗ್ಸ್ ಬರೆಯಿರಿ. ಒಬ್ಬ 178, 60, 150 ಎಸೆದಿದ್ದಾನೆ ಅನ್ನಿ. ಅಭಿಮಾನಿಗಳು 178 ನೆನಪಿಟ್ಟುಕೊಳ್ಳುತ್ತಾರೆ, 60 ಎಸೆದ ವರ್ಷವನ್ನು ‘ಗಾಯ ಆಗಿತ್ತಲ್ಲ’ ಅಂತ ಲೆಕ್ಕದಿಂದಲೇ ಬಿಡುತ್ತಾರೆ. ಗಾಯವೂ ಲೆಕ್ಕಕ್ಕೆ ಸೇರಿದ್ದೇ. ಅವನ ಮುಂದೆ 129 ಬರೆಯಿರಿ. ಹೀಗೆ ಮಾಡಿದಾಗ ಪರವಾಗಿಲ್ಲ ಅನ್ನುವಂಥ ತಂಡದಲ್ಲೂ 175, 165, 140, 120, 100 ಎಂಬಂತೆ ಬಂದು ಮೊತ್ತ 700ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೇಕಾದದ್ದು 840. ಕೊರತೆ 140 ಇನಿಂಗ್ಸ್. ಬದಲಿ ಸ್ಟಾರ್ಟರ್ ಒಂದು ಪಂದ್ಯಕ್ಕೆ ನಾಲ್ಕೂವರೆ ಐದು ಇನಿಂಗ್ಸ್ ಕೊಟ್ಟಾನು. ಅಂದರೆ 30 ಪಂದ್ಯ. ಒಬ್ಬ ಸ್ಟಾರ್ಟರ್ ಒಂದೂ ಸರದಿ ತಪ್ಪಿಸದೆ ಆಡಿದರೆ ಸಿಗುವುದು ಸುಮಾರು 32 ಪಂದ್ಯ. ಹಾಗಾದರೆ ಆರನೆಯವನು, ಏಳನೆಯವನು, ಎಂಟನೆಯವನು ಬರಿ ಮೀಸಲು ಆಟಗಾರರಲ್ಲ. ಮೂವರೂ ಸೇರಿ ರೋಟೇಶನ್ನಿನ (ಸ್ಟಾರ್ಟರ್‌ಗಳ ಸರದಿಯ) ಒಂದು ಪೂರ್ತಿ ಸ್ಥಾನವನ್ನು ತುಂಬುವವರು. ನಿಮಗೆ ಜುಲೈಯಲ್ಲಿ ಕಾಣುವ ‘ಹೆಸರೇ ಕೇಳದವರು’ ಇವರೇ.

ಐವರೇ ಇಡೀ ವರ್ಷ ದಾಟಿಸಿದ್ದೂ ಉಂಟು. 2003ರ ಸಿಯಾಟಲ್ ಮ್ಯಾರಿನರ್ಸ್ ತಂಡದ 162 ಪಂದ್ಯಗಳನ್ನೂ ಅದೇ ಐದು ಜನ ಶುರು ಮಾಡಿದರು. ಇಂದಿಗೂ ಅದನ್ನು ಅಚ್ಚರಿಯಿಂದ ನೆನೆಯುತ್ತಾರೆ ಎಂಬುದರಲ್ಲೇ ಅದೆಷ್ಟು ಅಪರೂಪ ಅನ್ನುವುದು ಗೊತ್ತಾಗುತ್ತದೆ. 2024ರಲ್ಲಿ ಎರಡೂ ಲೀಗ್ ಸೇರಿ 200 ಇನಿಂಗ್ಸ್ ಮುಟ್ಟಿದವರು ನಾಲ್ಕೇ ಮಂದಿ.

ಆದ್ದರಿಂದ ಪಟ್ಟಿಯನ್ನು ಐದಕ್ಕೆ ನಿಲ್ಲಿಸದೆ ಒಂಬತ್ತಕ್ಕೆ ಒಯ್ಯಿರಿ. ಆರರಿಂದ ಒಂಬತ್ತರವರೆಗಿನ ಪ್ರತಿಯೊಬ್ಬನಿಗೂ ಮೂರು ವಿಷಯ ನೋಡಿ: ಮೇಜರ್ ಲೀಗಿಗೆ ಕರೆಯಬಹುದಾದ 40 ಜನರ ಪಟ್ಟಿಯಲ್ಲಿ ಇದ್ದಾನೆಯೇ, ಕಳೆದ ವರ್ಷ ಕೆಳಗಿನ ಮೈನರ್ ಲೀಗ್ ಸಹಿತ ಎಲ್ಲ ಮಟ್ಟ ಸೇರಿ 100 ಇನಿಂಗ್ಸ್ ಆದರೂ ಎಸೆದಿದ್ದಾನೆಯೇ, ಬ್ಯಾಟ್ ಎತ್ತಿದವನಿಗೆ ಎರಡನೇ ಸಲ ಎದುರಾದಾಗ ತೋರಿಸಲು ಮೂರನೆಯ ಬಗೆಯ ಎಸೆತ ಇದೆಯೇ. ಹಿಂದಿನ ವರ್ಷ 85 ಎಸೆದ ಹುಡುಗನಿಂದ 170 ನಿರೀಕ್ಷಿಸುವುದು ಬೇಡ. ತಂಡವೇ ಅವನನ್ನು ಆಗಸ್ಟಿನಲ್ಲಿ ತಡೆದು ಕೂರಿಸುತ್ತದೆ.

ಪ್ರಶ್ನೆ: ಒಬ್ಬನ ಇಆರ್‌ಎ 3.18, ಇನ್ನೊಬ್ಬನದು 4.20. ಆದರೂ ಬಲ್ಲವರು ಎರಡನೆಯವನೇ ಮೇಲು ಅನ್ನುತ್ತಾರೆ. ಏನಿದರ ಲೆಕ್ಕ?

ಉತ್ತರ: ಇಆರ್‌ಎ ಅಂದರೆ 9 ಇನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬೀಳುವ ರನ್. ಕ್ರಿಕೆಟ್ ಬೌಲರ್‌ನ ಸರಾಸರಿಯ ಹಾಗೆ ಇದು ನಡೆದುಹೋದದ್ದನ್ನು ಸರಿಯಾಗಿ ಹೇಳುತ್ತದೆ, ಬರಲಿರುವುದನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗಿ ಬ್ಯಾಟರ್ ಬೇಸ್ ಮುಟ್ಟುತ್ತಾನೋ ಔಟ್ ಆಗುತ್ತಾನೋ ಎಂಬುದರಲ್ಲಿ ಪಿಚರ್ ಕೈವಾಡ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಅಂತ 2001ರಲ್ಲಿ ವೋರೋಸ್ ಮೆಕ್‌ಕ್ರ್ಯಾಕೆನ್ ವಾದ ಮಂಡಿಸಿದ ಮೇಲೆ, ಪಿಚರ್ ಕೈಯಲ್ಲೇ ಇರುವುದನ್ನಷ್ಟೇ ಅಳೆಯುವ ಸೂತ್ರಗಳು ಬಂದವು. ಹೆಚ್ಚು ಬಳಕೆಯಲ್ಲಿರುವುದು ಫಿಪ್. ಹೋಂ ರನ್ ಅಂದರೆ ಬೇಲಿ ದಾಟಿದ ಹೊಡೆತ, ವಾಕ್ ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್, ಸ್ಟ್ರೈಕ್‌ಔಟ್ ಅಂದರೆ ಮೂರು ಸ್ಟ್ರೈಕ್‌ಗೆ ಔಟ್. ಹೋಂ ರನ್ ಅನ್ನು 13ರಿಂದ, ವಾಕ್ ಮತ್ತು ಮೈಗೆ ಬಡಿದ ಎಸೆತಗಳ ಮೊತ್ತವನ್ನು 3ರಿಂದ ಗುಣಿಸಿ ಕೂಡಿಸಿ, ಸ್ಟ್ರೈಕ್‌ಔಟ್‌ಗಳನ್ನು 2ರಿಂದ ಗುಣಿಸಿ ಅದರಲ್ಲಿ ಕಳೆಯಿರಿ, ಇನಿಂಗ್ಸ್‌ನಿಂದ ಭಾಗಿಸಿ, ಕೊನೆಗೆ ಆ ವರ್ಷದ ಲೀಗ್ ಮಟ್ಟಕ್ಕೆ ತರುವ ಸ್ಥಿರಾಂಕ ಸೇರಿಸಿ. ಅದು ಸುಮಾರು 3.10 ಇರುತ್ತದೆ.

ನಿಮ್ಮ ಇಬ್ಬರನ್ನೇ ಲೆಕ್ಕಕ್ಕೆ ಹಾಕೋಣ. ಇಬ್ಬರೂ 150 ಇನಿಂಗ್ಸ್ ಎಸೆದಿದ್ದಾರೆ ಅಂತಿಟ್ಟುಕೊಳ್ಳಿ. ಮೊದಲನೆಯವನದು 22 ಹೋಂ ರನ್, 60 ವಾಕ್, 6 ಮೈಗೆ ಬಡಿದವು, 120 ಸ್ಟ್ರೈಕ್‌ಔಟ್. 286 ಕೂಡಿಸು 198, ಕಳೆ 240, ಉಳಿದದ್ದು 244. ಭಾಗಿಸಿದರೆ 1.63, 3.10 ಸೇರಿಸಿದರೆ 4.73. ಎರಡನೆಯವನದು 18 ಹೋಂ ರನ್, 40 ವಾಕ್, 4 ಮೈಗೆ ಬಡಿದವು, 165 ಸ್ಟ್ರೈಕ್‌ಔಟ್. 234 ಕೂಡಿಸು 132, ಕಳೆ 330, ಉಳಿದದ್ದು ಬರೀ 36. ಫಿಪ್ 3.34. ಇಆರ್‌ಎ ಕೊಟ್ಟ ಕ್ರಮವೇ ತಿರುವು ಮುರುವಾಯಿತು.

ಇಷ್ಟಕ್ಕೇ ಮೊದಲನೆಯವನನ್ನು ಅದೃಷ್ಟವಂತ ಅಂತ ತಳ್ಳಿಹಾಕಬೇಡಿ, ಇಲ್ಲಿಯೇ ಬಹಳ ಜನ ಎಡವುತ್ತಾರೆ. ಅಂತರ ಎಲ್ಲಿಂದ ಬಂತು ಎಂದು ಹುಡುಕಿ. ಆಟಕ್ಕೆ ಬಿದ್ದ ಚೆಂಡುಗಳಲ್ಲಿ ಹಿಟ್ ಆಗುವ ಪ್ರಮಾಣ ಲೀಗಿನಲ್ಲಿ 0.290ರಿಂದ 0.300 ಇರುತ್ತದೆ, ಅವನದು 0.245 ಆಗಿದ್ದರೆ ಮೊದಲು ಹಿಂದೆ ನಿಂತ ಫೀಲ್ಡರ್‌ಗಳನ್ನು ನೋಡಿ. ಅದೇ ಚುರುಕಿನ ಔಟ್‌ಫೀಲ್ಡ್ ಈ ವರ್ಷವೂ ಇದ್ದರೆ, ಅವನು ಎತ್ತರದ ಕ್ಯಾಚ್ ಕೊಡಿಸುವವನಾದರೆ, ಆ ಅಂತರದ ಒಂದು ಭಾಗ ನಿಜವಾಗಿಯೂ ಅವನದೇ. ಸೆಂಟರ್ ಫೀಲ್ಡರ್‌ನನ್ನು ಚಳಿಗಾಲದಲ್ಲಿ ಮಾರಿಬಿಟ್ಟಿದ್ದರೆ ಬೇರೆ ಮಾತು. ಹಾಗೆಯೇ ಬೇಸ್ ಮೇಲಿದ್ದವರನ್ನು ರನ್ ಆಗದಂತೆ ಅಲ್ಲೇ ಉಳಿಸಿಕೊಳ್ಳುವ ಪ್ರಮಾಣ ಸಾಮಾನ್ಯವಾಗಿ ಶೇ 72ರ ಸುತ್ತ ಇರುತ್ತದೆ. ಸ್ಟ್ರೈಕ್‌ಔಟ್ ಕಡಿಮೆ ಇರುವವನು ಶೇ 82 ತೋರಿಸಿದರೆ ಅದು ಮುಂದಿನ ವರ್ಷಕ್ಕೆ ಉಳಿಯುವ ಸೊತ್ತಲ್ಲ.

ಲೆಕ್ಕವೇ ಬೇಸರವಾದರೆ, ಎದುರಿಸಿದ ಬ್ಯಾಟರ್‌ಗಳಲ್ಲಿ ಶೇಕಡಾ ಎಷ್ಟು ಸ್ಟ್ರೈಕ್‌ಔಟ್, ಎಷ್ಟು ವಾಕ್ ಅಂತ ನೋಡಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಲೀಗ್ ಸರಾಸರಿ 14ರ ಹತ್ತಿರ. 20 ದಾಟಿದವನನ್ನು ಇಆರ್‌ಎ ಏನೇ ಇರಲಿ ಬಿಡಬೇಡಿ. 10ಕ್ಕಿಂತ ಕೆಳಗಿದ್ದವನ ಮೇಲೆ ಭಾರ ಹಾಕಬೇಡಿ. ಡೆನ್ವರ್‌ನಲ್ಲಿ ಆಡುವವರಿಗೆ ಮಾತ್ರ ಸ್ವಲ್ಪ ರಿಯಾಯಿತಿ ಕೊಡಿ. ಆ ಊರು ಇರುವುದೇ ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುವುದು ಎಲ್ಲರಿಗೂ ಗೊತ್ತು. ಕರ್ವ್ ಎಸೆತ ಅಲ್ಲಿ ಬಾಗುವುದೇ ಕಡಿಮೆ ಎಂಬುದು ಪಿಚರ್‌ನ ನಿಜವಾದ ಗೋಳು.

ಪ್ರಶ್ನೆ: ಸ್ಪ್ರಿಂಗ್ ಟ್ರೈನಿಂಗ್ (ಸೀಸನ್‌ಗೆ ಮುಂಚಿನ ಶಿಬಿರದ) ಪಂದ್ಯಗಳ ಅಂಕಿ ಅಂಶ ನೋಡಬೇಕೋ ಬೇಡವೋ?

ಉತ್ತರ: ಇಆರ್‌ಎ ನೋಡಲೇಬೇಡಿ. ಒಬ್ಬ ಸ್ಟಾರ್ಟರ್ ಮಾರ್ಚ್ ಪೂರ್ತಿ ಎಸೆಯುವುದು 20 ಇನಿಂಗ್ಸ್, ಎದುರಿಸುವುದು 85 ಬ್ಯಾಟರ್. ಸ್ಟ್ರೈಕ್‌ಔಟ್ ಪ್ರಮಾಣಕ್ಕೆ ಒಂದಿಷ್ಟು ಅರ್ಥ ಬರಲು 70 ಬ್ಯಾಟರ್ ಬೇಕು, ವಾಕ್ ಪ್ರಮಾಣಕ್ಕೆ ಸುಮಾರು 170. ಇಆರ್‌ಎಗೆ ಇಡೀ ವರ್ಷವೂ ಸಾಲದು. ಅದೂ ಅಲ್ಲದೆ ಆರನೆಯ ಇನಿಂಗ್ಸ್‌ನಿಂದಾಚೆ ಎದುರಿಗೆ ಬರುವವರು ಬೆನ್ನ ಮೇಲೆ 80, 90ರ ಅಂಕಿ ಹಾಕಿಕೊಂಡ ಮೈನರ್ ಲೀಗ್ ಹುಡುಗರು. ಅರಿಝೋನಾದ ಒಣ ಹವೆಯಲ್ಲಿ ಚೆಂಡಿನ ಹಿಡಿತ ಜಾರುತ್ತದೆ, ಪಕ್ಕಕ್ಕೆ ತಿರುಗಬೇಕಾದ ಸ್ಲೈಡರ್ ಎಸೆತ ಸಪ್ಪೆಯಾಗುತ್ತದೆ. ಹಳಬ ಪಿಚರ್ ಅಂತೂ ‘ಇವತ್ತು ಚೇಂಜಪ್ (ವೇಗ ತಗ್ಗಿಸಿ ಮೋಸ ಮಾಡುವ ಎಸೆತ) ಮಾತ್ರ ತಿದ್ದಿಕೊಳ್ಳುತ್ತೇನೆ’ ಅಂತ ಮನಸ್ಸಿನಲ್ಲೇ ನಿಶ್ಚಯಿಸಿ ಬಂದು ಒಂದೇ ಇನಿಂಗ್ಸ್‌ನಲ್ಲಿ ಐದು ರನ್ ಕೊಟ್ಟು ನಗುತ್ತಾ ಹೋಗುತ್ತಾನೆ.

ನೋಡಬೇಕಾದವು ಬೇರೆ ಇವೆ. ಒಂದು, ವೇಗ. ಲೀಗಿನಲ್ಲಿ ನೇರ ಫಾಸ್ಟ್‌ಬಾಲ್ ಈಗ ಸರಾಸರಿ ಗಂಟೆಗೆ 94 ಮೈಲಿ, ಅಂದರೆ 151 ಕಿಲೋಮೀಟರ್ ಆಸುಪಾಸು. ಮಾರ್ಚ್ ಮೊದಲ ವಾರ ಒಂದು ಎರಡು ಮೈಲಿ ಕಡಿಮೆ ಬಂದರೆ ಗಾಬರಿ ಬೇಡ, ತೋಳು ಇನ್ನೂ ಬಿಸಿಯಾಗುತ್ತಿದೆ. ಕೊನೆಯ ಎರಡು ಪಂದ್ಯಗಳಲ್ಲಿ ಅವನ ಹಿಂದಿನ ಏಪ್ರಿಲ್‌ನ ವೇಗಕ್ಕೆ ಬರಬೇಕು. ಹಿಂದಿನ ಆಗಸ್ಟ್‌ಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಬಿಸಿಲು ಏರಿದಂತೆ ಎಲ್ಲರ ವೇಗವೂ ಸ್ವಲ್ಪ ಏರುತ್ತದೆ. ಏಪ್ರಿಲ್‌ಗಿಂತಲೂ ಎರಡು ಮೈಲಿ ಕಡಿಮೆಯೇ ಉಳಿದರೆ ಏನೋ ಸರಿಯಿಲ್ಲ.

ಸರಾಸರಿ ವೇಗಕ್ಕಿಂತ ಇನಿಂಗ್ಸ್ ಲೆಕ್ಕದ ವೇಗ ಇನ್ನೂ ಚೆನ್ನಾಗಿ ಮಾತಾಡುತ್ತದೆ. ಮೊದಲ ಇನಿಂಗ್ಸ್‌ನಲ್ಲಿ 95, ನಾಲ್ಕನೆಯದರಲ್ಲಿ 92 ಅಂದರೆ ಆ ಪಿಚರ್‌ನ ತೋಳನ್ನು ನಿಧಾನಗತಿಯಲ್ಲಿ ನೋಡಿ. ಚೆಂಡು ಬಿಡುವ ಕೈ ಶುರುವಿನಲ್ಲಿದ್ದ ಎತ್ತರದಿಂದ ನಾಲ್ಕಾರು ಬೆರಳು ಕೆಳಗೆ ಇಳಿದಿರುತ್ತದೆ, ಎದೆ ಮುಂದಕ್ಕೆ ತಿರುಗಿ ಆದಮೇಲೂ ಕೈ ಹಿಂದೆಯೇ ಉಳಿದಿರುತ್ತದೆ. ಕ್ಯಾಚರ್ ಕೆಳಗೆ ಹೊರಮೂಲೆಯಲ್ಲಿ ಕೈಗವಸು ಹಿಡಿದಿದ್ದರೆ ಚೆಂಡು ಮೇಲಕ್ಕೆ, ಪಿಚರ್‌ನ ತೋಳಿನ ಕಡೆಗೆ ತೇಲಿ ಬರುತ್ತದೆ. ಕ್ಯಾಚರ್ ಕೂತಲ್ಲಿಂದ ಎದ್ದು ಅಡ್ಡಕ್ಕೆ ಚಾಚಬೇಕಾಗುತ್ತದೆ. ಕರ್ವ್ ಬಾಗುವ ಬದಲು ನಡುಮಧ್ಯೆ ತೂಗಿ ನಿಲ್ಲುತ್ತದೆ. ಇದು ಬರೀ ಫಾರ್ಮ್ ಕೈಕೊಟ್ಟದ್ದಲ್ಲ, ಭುಜದ ಆಯಾಸ. ಗಾಯದ ಪಟ್ಟಿಯ ಸುದ್ದಿ ಬರುವುದಕ್ಕೆ ಎಷ್ಟೋ ಮೊದಲು ಹೀಗೆ ಕಾಣಿಸಿಕೊಳ್ಳುವುದುಂಟು.

ಎರಡು, ಎಸೆತಗಳ ಎಣಿಕೆ. ಮೊದಲ ಪಂದ್ಯ 25-30 ಎಸೆತ, ಆಮೇಲೆ ಐದು ದಿನಕ್ಕೊಮ್ಮೆ ಹತ್ತು ಹದಿನೈದು ಏರಿಸುತ್ತಾ ಮಾರ್ಚ್ ಕೊನೆಗೆ 80-90. ಮಾರ್ಚ್ 20ರಂದು 50ರಲ್ಲೇ ಇರುವವನು ಏಪ್ರಿಲ್ ಮೊದಲ ಎರಡು ಪಂದ್ಯ ನಾಲ್ಕು ಇನಿಂಗ್ಸ್‌ಗೆ ಇಳಿಯುತ್ತಾನೆ. ಅದರ ದಂಡ ಬುಲ್‌ಪೆನ್ ಕಟ್ಟುತ್ತದೆ.

ಮೂರು, ಹೊಸ ಎಸೆತ. ಹಿಂದಿನ ವರ್ಷ ಇಲ್ಲದ ಕಟರ್ (ಕೊನೆಗೆ ಸ್ವಲ್ಪ ಪಕ್ಕಕ್ಕೆ ತಿರುಗುವ ವೇಗದ ಎಸೆತ) ಈಗ ನೂರಕ್ಕೆ ಹದಿನೈದು ಸಲ ಬರುತ್ತಿದೆ, ಅದೂ ವಿರುದ್ಧ ಕೈಯ ಬ್ಯಾಟರ್‌ಗೆ ಎಂದಾದರೆ, ಅವನ ಹಳೆಯ ಅಂಕಿಗಳ ಪೂರ್ತಿ ಚಿತ್ರವೇ ಬದಲಾಗಬಹುದು. ಒಂದೆರಡು ಸಲ ತೋರಿಸಿ ಬಿಟ್ಟದ್ದಕ್ಕೆ ಬೆಲೆ ಕೊಡಬೇಡಿ. ಪ್ರತಿ ಮಾರ್ಚ್‌ನಲ್ಲೂ ಪ್ರತಿಯೊಬ್ಬನೂ ಏನೋ ಒಂದು ಹೊಸ ಎಸೆತ ಕಲಿಯುತ್ತಿರುತ್ತಾನೆ, ಪತ್ರಿಕೆಯವರ ಮುಂದಾದರೂ.

ಪ್ರಶ್ನೆ: ನಮ್ಮ ಬುಲ್‌ಪೆನ್‌ನಲ್ಲಿ ಒಬ್ಬನ ಇಆರ್‌ಎ 2ಕ್ಕಿಂತ ಕಡಿಮೆ. ಆದರೆ ಅವನು ಬಂದಾಗಲೆಲ್ಲ ಗೆಲ್ಲುವ ಪಂದ್ಯ ಕೈಜಾರುತ್ತದೆ ಅನ್ನಿಸುತ್ತದೆ. ನನ್ನ ಭ್ರಮೆಯೇ?

ಉತ್ತರ: ಇರಲಿಕ್ಕಿಲ್ಲ. ಏಳನೆಯ ಇನಿಂಗ್ಸ್, ಒಬ್ಬ ಔಟ್, ಮೂರೂ ಬೇಸ್ ಭರ್ತಿ, ನಿಮ್ಮವರು ಒಂದು ರನ್ ಮುಂದೆ. ಸ್ಟಾರ್ಟರ್ ಕೈಯಿಂದ ಚೆಂಡು ತೆಗೆದು ಇವನಿಗೆ ಕೊಟ್ಟರು. ಎರಡನೇ ಎಸೆತಕ್ಕೇ ಸಿಂಗಲ್, ಇಬ್ಬರು ಒಳಗೆ ಬಂದರು, ಪಂದ್ಯ ಉಲ್ಟಾ. ಮುಂದಿನ ಚೆಂಡು ನೆಲಕ್ಕೆ ಬಡಿದು ಡಬಲ್ ಪ್ಲೇ, ಒಂದೇ ಚೆಂಡಿಗೆ ಇಬ್ಬರು ಔಟ್. ಆ ಎರಡು ರನ್ ಯಾರ ಖಾತೆಗೆ? ಅವರನ್ನು ಬೇಸ್ ಮೇಲೆ ಬಿಟ್ಟುಹೋದ ಸ್ಟಾರ್ಟರ್‌ನ ಖಾತೆಗೆ. ಪಂದ್ಯ ಕಳೆದವನ ಹೆಸರಿನ ಮುಂದೆ 0.00, ಬೆವರು ಒರೆಸಿಕೊಂಡು ಹೋಗುತ್ತಾನೆ. ಅದಕ್ಕೇ ರಿಲೀವರ್‌ಗಳಿಗೆ ‘ಬಳುವಳಿಯಾಗಿ ಬಂದ ರನ್ನರ್‌ಗಳಲ್ಲಿ ಎಷ್ಟು ಮಂದಿ ರನ್ ಆದರು’ ಎಂಬ ಬೇರೆ ಲೆಕ್ಕ ಇದೆ. ಸಾಮಾನ್ಯವಾಗಿ ಮೂವರಲ್ಲಿ ಒಬ್ಬ ಆಗುತ್ತಾನೆ. ನಿಮ್ಮವನದು ಅರ್ಧಕ್ಕೆ ಹತ್ತಿರ ಇದ್ದರೆ ಅವನನ್ನು ಖಾಲಿ ಬೇಸ್‌ಗಳಿಗೆ, ಇನಿಂಗ್ಸ್ ಶುರುವಿಗೆ ಮಾತ್ರ ತರಬೇಕು.

ಒಟ್ಟು ಬುಲ್‌ಪೆನ್ ತೂಗುವಾಗಲೂ ಇನಿಂಗ್ಸ್‌ನಿಂದಲೇ ಶುರು ಮಾಡಿ. ಎಂಟು ಮಂದಿ ತಲಾ 62 ಎಸೆದರೆ ಸುಮಾರು 500, ಬೇಕಿರುವುದು 600. ಎರಡು ಮೂರು ಇನಿಂಗ್ಸ್ ಎಳೆಯಬಲ್ಲ ಒಬ್ಬನಾದರೂ ಇಲ್ಲದಿದ್ದರೆ ಒಂದು ಕೆಟ್ಟ ರಾತ್ರಿಯ ಬಿಲ್ಲು ಮೂರು ದಿನ ಬರುತ್ತದೆ. 2020ರಿಂದ, ಎಸೆಯಲು ಬಂದ ರಿಲೀವರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು ಅಥವಾ ಇನಿಂಗ್ಸ್ ಮುಗಿಸಬೇಕು ಎಂಬ ನಿಯಮ ಇದೆ. ಎಡಗೈ ಬ್ಯಾಟರ್ ಒಬ್ಬನಿಗಾಗಿಯೇ ಇಟ್ಟುಕೊಳ್ಳುತ್ತಿದ್ದ ಎಡಗೈ ಪಿಚರ್‌ಗಳ ಕಾಲ ಅಲ್ಲಿಗೆ ಮುಗಿಯಿತು. ಎಡಗೈ ರಿಲೀವರ್ ಇದ್ದಾನೆ ಅಂತ ಖುಷಿಪಡುವ ಮೊದಲು ಬಲಗೈ ಬ್ಯಾಟರ್‌ಗಳು ಅವನನ್ನು ಏನು ಮಾಡಿದ್ದಾರೆ ನೋಡಿ. ಇನ್ನು ಕಳೆದ ವರ್ಷದ ಸೇವ್‌ಗಳ (ಮುನ್ನಡೆ ಕಾಯ್ದು ಮುಗಿಸಿದ ಪಂದ್ಯಗಳ) ಸಂಖ್ಯೆ ಅವನಿಗೆ ಸಿಕ್ಕ ಅವಕಾಶದ ಸಂಖ್ಯೆಯಷ್ಟೇ.

ಪ್ರಶ್ನೆ: ಚೆನ್ನಾಗಿ ಎಸೆದವನನ್ನು ಮಾರನೇ ದಿನವೇ ಮೈನರ್ ಲೀಗಿಗೆ ಕಳಿಸುತ್ತಾರಲ್ಲ, ಇದೆಂಥ ನ್ಯಾಯ?

ಉತ್ತರ: ನ್ಯಾಯ ಅಲ್ಲ, ನಿಯಮ. ಆಡುವ ಪಟ್ಟಿಯಲ್ಲಿ 26 ಮಂದಿ, ಅದರಲ್ಲಿ ಪಿಚರ್‌ಗಳು 13 ಮೀರುವಂತಿಲ್ಲ. ಸೆಪ್ಟೆಂಬರ್‌ನಲ್ಲಿ ಅದು 28 ಮತ್ತು 14. ನಿನ್ನೆ ಮೂರು ಇನಿಂಗ್ಸ್ ಎಸೆದವನು ಇನ್ನು ಮೂರು ದಿನ ಬೆಂಚಿಗೇ ಸೈ. ಅವನಿಗೆ ‘ಆಪ್ಷನ್’, ಅಂದರೆ ಬೇರೆ ತಂಡಗಳ ಕೈಗೆ ಸಿಗದಂತೆ ಕೆಳಗೆ ಕಳಿಸುವ ಅವಕಾಶ, ಉಳಿದಿದ್ದರೆ ಕೆಳಗೆ ಕಳಿಸಿ ತಾಜಾ ತೋಳು ತರುತ್ತಾರೆ. ಒಬ್ಬನಿಗೆ ಸಾಮಾನ್ಯವಾಗಿ ಮೂರು ಆಪ್ಷನ್ ವರ್ಷ. 2022ರಿಂದ ಒಂದೇ ವರ್ಷದಲ್ಲಿ ಐದು ಸಲಕ್ಕಿಂತ ಹೆಚ್ಚು ಹೀಗೆ ಕಳಿಸುವಂತಿಲ್ಲ. ಕಳಿಸಿದ ಪಿಚರ್‌ನನ್ನು 15 ದಿನ ತಿರುಗಿ ಕರೆಯುವಂತಿಲ್ಲ, ಗಾಯಾಳುವಿನ ಬದಲಿಗೆ ಕರೆಯುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಹಾಗಾಗಿ ನಿಮ್ಮ ಹಾಳೆಯಲ್ಲಿ ಪ್ರತಿ ಹೆಸರಿನ ಪಕ್ಕ ಆಪ್ಷನ್ ಉಳಿದಿದೆಯೇ ಎಂದು ಗುರುತು ಹಾಕಿ. ಎಂಟು ರಿಲೀವರ್‌ಗಳಲ್ಲಿ ಏಳು ಜನಕ್ಕೆ ಆಪ್ಷನ್ ಮುಗಿದಿದ್ದರೆ, ಕಾಗದದ ಮೇಲೆ ಎಷ್ಟೇ ಚಂದ ಕಂಡರೂ ಆ ಬುಲ್‌ಪೆನ್ ಬಿಗಿದುಕೊಂಡಿದೆ ಎಂದರ್ಥ. ಅವರಲ್ಲಿ ಒಬ್ಬನನ್ನು ಕೆಳಗಿಳಿಸಬೇಕಾದರೆ ಉಳಿದ 29 ತಂಡಗಳ ಮುಂದೆ ಇಡಬೇಕು, ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಮಾರ್ಚ್ ಕೊನೆಯಲ್ಲಿ ಒಳ್ಳೆಯ ಹುಡುಗನನ್ನು ಬಿಟ್ಟು ಸಾಧಾರಣ ಹಳಬನನ್ನು ಉಳಿಸಿಕೊಂಡರೆ ಕಾರಣ ಬಹುಪಾಲು ಇದೇ.

ಪ್ರಶ್ನೆ: ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆದವನನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು?

ಉತ್ತರ: ಶಸ್ತ್ರಚಿಕಿತ್ಸೆಯ ತಾರೀಖಿನಿಂದ ಶುರು ಮಾಡಿ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಮೊದಲ ಬಾರಿಗೆ ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಈ ಚಿಕಿತ್ಸೆ ಮಾಡಿದಾಗ ಆತ 1975 ಪೂರ್ತಿ ಕಳೆದುಕೊಂಡು 1976ರಲ್ಲಿ ಮರಳಿದ. ಇಂದಿಗೂ 14ರಿಂದ 18 ತಿಂಗಳು ಹಿಡಿಯುತ್ತದೆ. ಕಳೆದ ಮಾರ್ಚ್‌ನಲ್ಲಿ ಆದವನನ್ನು ಈ ಜೂನ್‌ವರೆಗೆ ಎಣಿಸಬೇಡಿ. ಕಳೆದ ಜುಲೈಯಲ್ಲಿ ಆದವನಿಗೆ ಈ ವರ್ಷ ಸೊನ್ನೆ ಬರೆಯಿರಿ. ಮರಳಿದ ಮೇಲೆ ವೇಗ ಮೊದಲು ಬರುತ್ತದೆ, ಹಿಡಿತ ತಡವಾಗಿ. ಹಾಗಾಗಿ ‘97 ಮೈಲಿ ಎಸೆದ’ ಎಂಬ ಸುದ್ದಿಗೆ ಕುಣಿಯಬೇಡಿ, ವಾಕ್ ನೋಡಿ. ಪೂರ್ತಿ ವರ್ಷ ಸಿಕ್ಕರೂ ಅವನ ಮುಂದೆ 120ಕ್ಕಿಂತ ಹೆಚ್ಚು ಇನಿಂಗ್ಸ್ ಬರೆಯುವುದು ದುರಾಸೆ. ತಂಡಕ್ಕೆ ಇದರಲ್ಲಿ ಒಂದು ಅನುಕೂಲ ಇದೆ: 60 ದಿನದ ಗಾಯಾಳು ಪಟ್ಟಿಗೆ ಹಾಕಿದರೆ 40ರ ಪಟ್ಟಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಫೆಬ್ರುವರಿಯಲ್ಲಿ ದಿಢೀರನೆ ಹಳಬರಿಗೆ ಕರಾರು ಸಿಗುವುದರ ಗುಟ್ಟು ಎಷ್ಟೋ ಸಲ ಇದು.

ಪ್ರಶ್ನೆ: ಆರು ಜನರ ರೋಟೇಶನ್ ಒಳ್ಳೆಯದಲ್ಲವೇ?

ಉತ್ತರ: ಜಪಾನಿನಲ್ಲಿ ಸ್ಟಾರ್ಟರ್ ವಾರಕ್ಕೊಮ್ಮೆ ಎಸೆಯುತ್ತಾನೆ, ಅಲ್ಲಿಂದ ಬಂದವರಿಗೆ ಇದು ಹಿತ. ಆದರೆ ಅಮೆರಿಕದಲ್ಲಿ 13ರ ಮಿತಿಯೊಳಗೆ ಆರು ಸ್ಟಾರ್ಟರ್ ಅಂದರೆ ಬುಲ್‌ಪೆನ್‌ಗೆ ಏಳೇ ಮಂದಿ. ಪಿಚಿಂಗ್, ಬ್ಯಾಟಿಂಗ್ ಎರಡೂ ಮಾಡುವ ಓಟಾನಿಯಂಥವನು ಇದ್ದರೆ ಅವನು ಪಿಚರ್ ಎಣಿಕೆಗೆ ಬರುವುದಿಲ್ಲ, ಆಗ ಲೆಕ್ಕ ಕೂಡುತ್ತದೆ. ಜಪಾನಿನಿಂದ ಹೊಸದಾಗಿ ಬಂದವನಿಗೆ ಇನ್ನೊಂದು ತೊಡಕು ಚೆಂಡಿನದು. ಅಲ್ಲಿನ ಚೆಂಡು ಕೊಂಚ ಚಿಕ್ಕದು, ಅಂಟುಅಂಟು. ಮೇಜರ್ ಲೀಗಿನದು ಜಾರುತ್ತದೆ, ನ್ಯೂಜೆರ್ಸಿಯ ಹೊಳೆಯೊಂದರ ಕೆಸರು ಉಜ್ಜಿದ ಮೇಲೂ.

ಪ್ರಶ್ನೆ: ಪಿಚರ್‌ಗಳನ್ನು ಅಳೆಯುವಾಗ ಕ್ಯಾಚರ್‌ನನ್ನೂ ನೋಡಬೇಕೇ?

ಉತ್ತರ: ನೋಡಬೇಕು, ಮೊದಲಿನಷ್ಟಲ್ಲ. ಅಂಚಿನ ಎಸೆತವನ್ನು ನಯವಾಗಿ ಹಿಡಿದು ಅಂಪೈರ್‌ನಿಂದ ಸ್ಟ್ರೈಕ್ ಅನ್ನಿಸುವ ಕಲೆಗೆ ವರ್ಷಕ್ಕೆ ಹತ್ತಾರು ರನ್‌ಗಳ ಬೆಲೆ ಇತ್ತು. 2026ರಿಂದ ಪ್ರತಿ ತಂಡಕ್ಕೂ ಅಂಪೈರ್ ತೀರ್ಪನ್ನು ಯಂತ್ರಕ್ಕೆ ಒಪ್ಪಿಸುವ ಎರಡು ಸವಾಲುಗಳಿವೆ; ಗೆದ್ದರೆ ಸವಾಲು ಉಳಿಯುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ, ಡಗೌಟ್‌ನಿಂದ ಸನ್ನೆ ಮಾಡುವಂತಿಲ್ಲ. ಅಂಚಿನ ಎಸೆತಗಳ ಮೇಲೆಯೇ ಬದುಕುವ ನಿಧಾನಗತಿಯ ಪಿಚರ್‌ಗೆ ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂದು ಬಲ್ಲ ಕ್ಯಾಚರ್ ಬೇಕು.

ಪ್ರಶ್ನೆ: ಇಷ್ಟೆಲ್ಲ ಬರೆದ ಹಾಳೆಯನ್ನು ಮತ್ತೆ ಯಾವಾಗ ತೆಗೆಯಬೇಕು?

ಉತ್ತರ: ಮೇ 1ರ ಹೊತ್ತಿಗೆ. ಸುಮಾರು 30 ಪಂದ್ಯ ಮುಗಿದಿರುತ್ತವೆ, ಸ್ಟಾರ್ಟರ್ ಒಬ್ಬೊಬ್ಬ ಆರು ಸಲ ಎಸೆದು 140 ಬ್ಯಾಟರ್‌ಗಳನ್ನಾದರೂ ಎದುರಿಸಿರುತ್ತಾನೆ. ಸ್ಟ್ರೈಕ್‌ಔಟ್ ಪ್ರಮಾಣ ಆಗ ನಂಬುವಂತಿರುತ್ತದೆ, ವಾಕ್ ಇನ್ನೊಂದೆರಡು ಪಂದ್ಯ ಕಾಯಲಿ. ಜೊತೆಗೆ ಸ್ಟಾರ್ಟರ್‌ಗಳ ಒಟ್ಟು ಇನಿಂಗ್ಸ್ ಕೂಡಿಸಿ. 30 ಪಂದ್ಯಕ್ಕೆ 155 ಬರಬೇಕಿತ್ತು. 135 ಮಾತ್ರ ಬಂದಿದ್ದರೆ ಆ 20 ಇನಿಂಗ್ಸ್ ಬುಲ್‌ಪೆನ್ ಹೊತ್ತಿದೆ. ಯಾರ ತೋಳು ಹೊತ್ತದ್ದು ಎಂದು ಹೆಸರು ಹುಡುಕಿ, ಏಪ್ರಿಲ್‌ನಲ್ಲೇ 15 ಪಂದ್ಯ ಆಡಿದ ರಿಲೀವರ್ ಮುಂದೆ ಒಂದು ಗುರುತು ಹಾಕಿ, ಜೂನ್‌ನಲ್ಲಿ ಅವನ ವೇಗ ನೋಡಿ.